ಪಾಚಿಯಿಂದ ಬಣ್ಣ ಬಿಡಿಸಿದ ಕಥೆ



ಮುಂಬೈಯಲ್ಲಿರುವ ನಮ್ಮ ಕೇಳುಗರಿಗೆ ಶಿವಡಿಯ ಕೆಸರು ದಂಡೆ ಹೊಸದೇನಲ್ಲ. ಚಳಿಗಾಲ ಬಂತೆಂದರೆ ಸಾವಿರಾರು ಫ್ಲೆಮಿಂಗೊ ಹಕ್ಕಿಗಳು ಅಲ್ಲಿ ಬಂದಿಳಿಯುತ್ತವೆ. ಆ ಹಕ್ಕಿಯ ಗುಲಾಬಿ ಬಣ್ಣ ಹುಟ್ಟಿನಿಂದ ಬಂದದ್ದಲ್ಲ, ಅದರ ಮರಿ ಬೂದು ಬಣ್ಣದ್ದು. ತಿನ್ನುವ ಪಾಚಿಯಿಂದ, ಪಾಚಿ ತಿಂದು ಬೆಳೆದ ಸಣ್ಣ ಜಲಜೀವಿಗಳಿಂದ ಕೆರೊಟಿನಾಯ್ಡ್ ಎಂಬ ವರ್ಣದ್ರವ್ಯ ಮೆಲ್ಲಗೆ ಪುಕ್ಕಕ್ಕೆ ಇಳಿಯುತ್ತದೆ. ಹಕ್ಕಿಯ ಹೊಟ್ಟೆ ಸದ್ದಿಲ್ಲದೆ ಮಾಡುವ ಈ ಕೆಲಸವನ್ನು ಕಲಿಯಲು ಮನುಷ್ಯನಿಗೆ ಒಂದೂವರೆ ಶತಮಾನವೇ ಹಿಡಿಯಿತು. ಈ ಸಂಚಿಕೆಯಲ್ಲಿ ಆ ಕಥೆಯನ್ನು ಹೇಳುತ್ತೇನೆ.

1838ರಲ್ಲಿ ದಕ್ಷಿಣ ಫ್ರಾನ್ಸಿನ ಉಪ್ಪಿನಾಗರಗಳಲ್ಲಿ ನೀರು ಕೆಂಪಾಗುವುದನ್ನು ಮಿಶೆಲ್ ಫೆಲಿಕ್ಸ್ ದ್ಯುನಾಲ್ ಎಂಬ ಸಸ್ಯವಿಜ್ಞಾನಿ ಗಮನಿಸಿದರು. ಅದಕ್ಕೆ ಕಾರಣ ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಏಕಕೋಶದ ಪಾಚಿ. 1905ರಲ್ಲಿ ಅದಕ್ಕೆ ಅವರ ಹೆಸರನ್ನೇ ಇಟ್ಟು ‘ಡ್ಯುನಾಲಿಯೆಲ್ಲ’ ಎಂದು ಕರೆದರು. ಸುಡುವ ಬಿಸಿಲಿನಲ್ಲಿ, ಅತಿಯಾದ ಉಪ್ಪಿನಲ್ಲಿ ಈ ಪಾಚಿ ತನ್ನ ರಕ್ಷಣೆಗೆಂದು ಬೀಟಾ ಕೆರೊಟಿನ್ ತುಂಬಿಕೊಳ್ಳುತ್ತದೆ. ನಮ್ಮ ಗಜ್ಜರಿಗೆ ಬಣ್ಣ ಕೊಡುವುದೂ ಇದೇ ವಸ್ತು.

ಬಣ್ಣ ಕಂಡಿತು. ಅದನ್ನು ಹೊರತೆಗೆಯುವುದು ಹೇಗೆ?

ಉತ್ತರದ ಮೊದಲ ಎಳೆ ಸಿಕ್ಕಿದ್ದು ವಾರ್ಸಾದಲ್ಲಿ ಕೆಲಸ ಮಾಡುತ್ತಿದ್ದ ರಷ್ಯನ್ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆತ್ ಅವರಿಗೆ. ಹಸಿ ಎಲೆಯನ್ನು ಬರೀ ಪೆಟ್ರೋಲಿಯಂ ಈಥರ್‌ನಲ್ಲಿ ಅರೆದರೆ ಹಸಿರು ಬಣ್ಣ ಸರಿಯಾಗಿ ಬಿಡುತ್ತಿರಲಿಲ್ಲ. ಅದಕ್ಕೆ ಸ್ವಲ್ಪ ಆಲ್ಕೋಹಾಲ್ ಬೆರೆಸಿದರೆ ಸುಲಭವಾಗಿ ಬಿಡುತ್ತಿತ್ತು. ಬಣ್ಣ ಅಂಗಾಂಶಕ್ಕೆ ಅಂಟಿ ಕೂತಿದೆ, ಆ ಹಿಡಿತ ಬಿಡಿಸಬೇಕು ಎಂದು ಅವರು ತರ್ಕಿಸಿದರು. ಹೀಗೆ ತೆಗೆದ ರಸವನ್ನು ಸೀಮೆಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆಯಲ್ಲಿ ಇಳಿಸಿದಾಗ ಹಸಿರು, ಹಳದಿ ಬಣ್ಣಗಳು ಬೇರೆ ಬೇರೆ ಪಟ್ಟಿಗಳಾಗಿ ನಿಂತವು. 1906ರಲ್ಲಿ ಅವರು ಈ ವಿಧಾನಕ್ಕೆ ಕ್ರೊಮ್ಯಾಟೊಗ್ರಫಿ ಎಂದು ಹೆಸರಿಟ್ಟರು. ದೊಡ್ಡ ರಸಾಯನಶಾಸ್ತ್ರಜ್ಞರು ಅದನ್ನು ಅಷ್ಟಾಗಿ ಲೆಕ್ಕಕ್ಕಿಡಲಿಲ್ಲ. ತ್ಸ್ವೆತ್ 1919ರಲ್ಲಿ ತೀರಿಕೊಂಡರು. 1931ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಕೆರೊಟಿನ್ ಬೇರ್ಪಡಿಸಲು ಅದೇ ವಿಧಾನ ಬಳಸಿದಾಗಲೇ ಲೋಕಕ್ಕೆ ಅದರ ಬೆಲೆ ತಿಳಿದದ್ದು. ರಷ್ಯನ್ ಭಾಷೆಯಲ್ಲಿ ‘ತ್ಸ್ವೆತ್’ ಎಂದರೆ ಬಣ್ಣ!

ಪ್ರಯೋಗಾಲಯದಲ್ಲಿ ದಾರಿ ತೆರೆದರೂ ಮಾರುಕಟ್ಟೆಗೆ ಪಾಚಿ ಬೇಕಿರಲಿಲ್ಲ. 1856ರಲ್ಲಿ ಲಂಡನ್ನಿನ ಹದಿನೆಂಟು ವರ್ಷದ ಹುಡುಗ ವಿಲಿಯಂ ಪರ್ಕಿನ್ ಕಲ್ಲಿದ್ದಲ ಟಾರಿನಿಂದ ನೇರಳೆ ಬಣ್ಣ ತಯಾರಿಸಿದ್ದರು. ಆಮೇಲೆ ಅಗ್ಗದ, ಗಾಢವಾದ, ಮಾಸದ ಕೃತಕ ಬಣ್ಣಗಳು ಬಟ್ಟೆಗೂ ಬಂದವು, ತಿಂಡಿಗೂ ಬಂದವು. ಅವುಗಳ ಮೇಲೆ ಅನುಮಾನ ಹುಟ್ಟಲು ಬಹಳ ಕಾಲ ಬೇಕಾಯಿತು. 1976ರಲ್ಲಿ ಅಮೆರಿಕ ‘ರೆಡ್ ನಂಬರ್ 2’ ಎಂಬ ತಿಂಡಿಯ ಬಣ್ಣವನ್ನು ನಿಷೇಧಿಸಿತು. 1980ರ ದಶಕದಲ್ಲಿ ಆಸ್ಟ್ರೇಲಿಯಾ, ಇಸ್ರೇಲ್‌ಗಳಲ್ಲಿ ಡ್ಯುನಾಲಿಯೆಲ್ಲ ಬೆಳೆಯುವ ದೊಡ್ಡ ಉಪ್ಪುನೀರಿನ ಕೊಳಗಳು ಎದ್ದವು. ಜಪಾನಿನಲ್ಲಿ ಸ್ಪಿರುಲಿನಾ ಪಾಚಿಯ ನೀಲಿ ಐಸ್‌ಕ್ರೀಂ, ಮಿಠಾಯಿಗಳಿಗೆ ಇಳಿಯಿತು.

ಇಲ್ಲಿಂದ ಮುಂದಿನ ತೊಡಕು ತಿಳಿಯಲು ನಮ್ಮ ಅಡಿಗೆಮನೆ ಸಾಕು. ಗಜ್ಜರಿಯನ್ನು ಎಣ್ಣೆಯಲ್ಲಿ ಹುರಿದರೆ ಎಣ್ಣೆ ಬಣ್ಣವಾಗುತ್ತದೆ. ಬೀಟ್‌ರೂಟನ್ನು ಬೇಯಿಸಿದರೆ ನೀರು ಬಣ್ಣವಾಗುತ್ತದೆ. ಪಾಚಿಯಲ್ಲೂ ಇವೆರಡೂ ಜಾತಿಗಳಿವೆ. ಕೆರೊಟಿನ್ ಎಣ್ಣೆಗೆ ಒಲಿಯುತ್ತದೆ. ಸ್ಪಿರುಲಿನಾದ ನೀಲಿಯಾದ ಫೈಕೊಸಯನಿನ್ ನೀರಿಗೆ ಒಲಿಯುತ್ತದೆ. ಆದರೆ ಅದು ಪ್ರೋಟೀನಿಗೆ ಕಟ್ಟಿಕೊಂಡ ಬಣ್ಣ. ಕಾಯಿಸಿದರೆ ಪ್ರೋಟೀನು ಕೆಡುತ್ತದೆ, ಜೊತೆಗೆ ಬಣ್ಣವೂ ಹೋಗುತ್ತದೆ. ಹುಳಿ ಬೆರೆತರೂ ಅದು ನಿಲ್ಲುವುದಿಲ್ಲ.

ಈ ನೀಲಿಯ ವಿಷಯದಲ್ಲಿ ನಮ್ಮ ಮೈಸೂರಿನ ಪಾಲೂ ಇದೆ. ಚೆಲುವಾಂಬ ವಿಲಾಸದ ಅರಮನೆಯಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐ, ಸ್ಪಿರುಲಿನಾ ಕುರಿತು ದಶಕಗಳ ಕಾಲ ಕೆಲಸ ಮಾಡಿದೆ. ಅಲ್ಲಿನ ಆರ್. ಸರದಾ, ಜಿ.ಎ. ರವಿಶಂಕರ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪಾಚಿಯನ್ನು ಸಾಮಾನ್ಯ ವಿಧಾನಗಳಲ್ಲಿ ಒಣಗಿಸುವುದರಲ್ಲೇ ಸುಮಾರು ಅರ್ಧದಷ್ಟು ನೀಲಿ ನಷ್ಟವಾಗುತ್ತದೆ. ಹಸಿ ಪಾಚಿಯನ್ನು ಹೆಪ್ಪುಗಟ್ಟಿಸಿ ಕರಗಿಸಿದರೆ ಒಳಗಿನ ಮಂಜಿನ ಹರಳುಗಳೇ ಕೋಶವನ್ನು ಸೀಳುತ್ತವೆ, ಶಾಖದ ಅಗತ್ಯವಿಲ್ಲದೆ ಬಣ್ಣ ನೀರಿಗೆ ಬರುತ್ತದೆ. ಕಷ್ಟವೆಂದರೆ, ಹಸಿ ಪಾಚಿ ಬೇಗ ಹಳಸುತ್ತದೆ. ಒಣಗಿಸಿದರೆ ಬಣ್ಣ ಹೋಗುತ್ತದೆ, ಒಣಗಿಸದಿದ್ದರೆ ಸರಕೇ ಕೆಡುತ್ತದೆ. ಬೆಳೆದ ಜಾಗದಲ್ಲೇ ಬಣ್ಣ ತೆಗೆಯುವ ಅನುಕೂಲವಿಲ್ಲದ ಬೆಳೆಗಾರ ಇವೆರಡರ ನಡುವೆ ಸಿಕ್ಕಿಕೊಳ್ಳುತ್ತಾನೆ.

ಇನ್ನೊಂದು ಪಾಚಿ ಹೆಮಟೊಕೊಕಸ್. ಇದರ ಕೆಂಪು ಬಣ್ಣ ಅಸ್ಟಾಜಾಂಥಿನ್. ಸಾಕಿದ ಸಾಲ್ಮನ್ ಮೀನಿನ ಮಾಂಸಕ್ಕೆ ಕೆಂಪು ಬರಲು ಮೇವಿನಲ್ಲಿ ಹಾಕುವುದು ಈ ವರ್ಣದ್ರವ್ಯವನ್ನೇ. ಆದರೆ ಈ ಕೋಶದ ಗೋಡೆ ತೆಂಗಿನಕಾಯಿಯ ಕರಟದ ಹಾಗೆ ಗಟ್ಟಿ. 2006ರಲ್ಲಿ ಮೈಸೂರಿನದೇ ತಂಡ, ಕೋಶಗಳನ್ನು ಮೊದಲು 70 ಡಿಗ್ರಿಯಲ್ಲಿ ಹೈಡ್ರೊಕ್ಲೋರಿಕ್ ಆಮ್ಲದಿಂದ ಮೆದುಗೊಳಿಸಿದರೆ ಶೇಕಡಾ 86ರಿಂದ 94ರಷ್ಟು ಬಣ್ಣವನ್ನು ಹೊರತೆಗೆಯಬಹುದೆಂದು ತೋರಿಸಿತು. ದ್ರಾವಕದ ಶೇಷ ತಿಂಡಿಯಲ್ಲಿ ಉಳಿಯಬಾರದೆನ್ನುವವರಿಗೆ ಇಂಗಾಲದ ಡೈಆಕ್ಸೈಡ್ ಇದೆ. 31 ಡಿಗ್ರಿ ಶಾಖ, 73 ವಾತಾವರಣದಷ್ಟು ಒತ್ತಡ ದಾಟಿದರೆ ಅದು ಅನಿಲದಂತೆ ಒಳನುಗ್ಗಿ ದ್ರವದಂತೆ ಕರಗಿಸುತ್ತದೆ. ಒತ್ತಡ ಇಳಿಸಿದರೆ ಅನಿಲ ಹಾರಿಹೋಗಿ ಬಣ್ಣ ಮಾತ್ರ ಉಳಿಯುತ್ತದೆ. ಆದರೆ ಅದರ ಯಂತ್ರಗಳು ದುಬಾರಿ.

2013ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸ್ಪಿರುಲಿನಾದ ನೀಲಿಯನ್ನು ಮಿಠಾಯಿ ಮತ್ತು ಚೂಯಿಂಗ್ ಗಮ್‌ಗೆ ಒಪ್ಪಿತು. 2025ರ ಮೇ ತಿಂಗಳಲ್ಲಿ ಗಾಲ್ಡಿಯೇರಿಯ ಎಂಬ ಪಾಚಿಯ ನೀಲಿಗೂ ಒಪ್ಪಿಗೆ ಸಿಕ್ಕಿತು. ಇದು ಆಮ್ಲ ತುಂಬಿದ ಬಿಸಿನೀರ ಬುಗ್ಗೆಗಳಲ್ಲಿ ಬೆಳೆಯುವ ಪಾಚಿ. ಹಾಗಾಗಿ ಇದರ ನೀಲಿ ಹುಳಿ ಪಾನೀಯಕ್ಕೂ ಹೆದರುವುದಿಲ್ಲ. ಹಳೆಯ ಬಣ್ಣವನ್ನು ಪಳಗಿಸುವ ಬದಲು, ಬೇಕಾದ ಗುಣ ಮೊದಲೇ ಇರುವ ಪಾಚಿಯನ್ನು ಹುಡುಕಿದ್ದು ಇಲ್ಲಿನ ಜಾಣತನ.

ಇಷ್ಟೆಲ್ಲ ನಮಗೇಕೆ ಎನ್ನುತ್ತೀರಾ? ‘ನೈಸರ್ಗಿಕ’ ಎಂಬ ಪದಕ್ಕೆ ನಾವು ಹೆಚ್ಚು ಬೆಲೆ ಕೊಡುತ್ತಿದ್ದೇವೆ. ಆ ಬೆಲೆ ಪಾಚಿಗಿಂತ ಹೆಚ್ಚಾಗಿ ಬಣ್ಣವನ್ನು ಕೆಡಿಸದೆ ಬಿಡಿಸಿದ ಶ್ರಮಕ್ಕೆ ಸಲ್ಲುವಂಥದ್ದು. ಹಾಗಾಗಿ ಮಕ್ಕಳಿಗೆ ನೀಲಿ ಮಿಠಾಯಿ ಕೊಳ್ಳುವಾಗ ಪೊಟ್ಟಣದ ಹಿಂಬದಿಯ ಸಣ್ಣಕ್ಷರ ಓದಿ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ 133 ಎಂದರೆ ಬ್ರಿಲಿಯಂಟ್ ಬ್ಲೂ, ಕಾರ್ಖಾನೆಯ ಬಣ್ಣ. 134 ಎಂದರೆ ಸ್ಪಿರುಲಿನಾದ್ದು. ಬರೀ ‘ಬೀಟಾ ಕೆರೊಟಿನ್’ ಎಂದಿದ್ದರೆ ಅದು ಪಾಚಿಯದೇ ಆಗಬೇಕಿಲ್ಲ, ಕಾರ್ಖಾನೆಯದೂ ಇರಬಹುದು. ಓದಿ ನೋಡಿ, ನಿಮಗೆ ಯಾವ ಸಂಖ್ಯೆ ಸಿಕ್ಕಿತೆಂದು ನಮಗೂ ಒಂದು ಸಾಲು ಬರೆದು ತಿಳಿಸಿ.