ಬೆಂಕಿಪೊಟ್ಟಣ ಬೇಡದ ಹೊಗೆ

ಸೋಲೂರಿನಂಥ ಊರುಗಳಲ್ಲಿ ಬೀಡಿ ಸೇದುವುದು ಬಚ್ಚಿಡಲಾಗದ ಚಟವಾಗಿತ್ತು. ಬೆಂಕಿಪೊಟ್ಟಣ ಬೇಕು, ಅಪ್ಪನನ್ನು ಬಲ್ಲ ಅಂಗಡಿಯವನ ಮುಂದೆ ನಿಲ್ಲಬೇಕು, ಸೇದಿದ ಮೇಲೆ ಬಾಯಿಯೂ ಅಂಗಿಯೂ ನಾರುತ್ತವೆ. ದೊಡ್ಡವರು ಎದುರಾದರೆ ಬೀಡಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡ ಹುಡುಗನ ಕೈ ಸುಡುತ್ತಿತ್ತು. ಈ ಕಾವಲು ಹೊಗೆಯನ್ನೇನೂ ನಿಲ್ಲಿಸಲಿಲ್ಲ. ಸೇದುವುದು ಗಂಡಸಿನ ಲಕ್ಷಣವೆಂದು ಊರು ಒಪ್ಪಿಯೂ ಇತ್ತು. ಆದರೆ ಯಾರು ಶುರುಮಾಡಿದರು ಎಂಬುದಾದರೂ ತಿಳಿಯುತ್ತಿತ್ತು.

2003ರಲ್ಲಿ ಬಂದ ಕೇಂದ್ರದ ತಂಬಾಕು ಕಾಯ್ದೆ ಈ ಅಂಗಡಿಯನ್ನೇ ಕಣ್ಣಮುಂದಿಟ್ಟುಕೊಂಡಿತ್ತು. 18 ತುಂಬದವರಿಗೆ ಮಾರುವಂತಿಲ್ಲ, ಶಾಲಾ-ಕಾಲೇಜಿನ 100 ಗಜದೊಳಗೆ ಮಾರುವಂತಿಲ್ಲ. ಕಾಕತಾಳೀಯವೆಂದರೆ, ಚೀನಾದ ಔಷಧತಜ್ಞ ಹಾನ್ ಲಿಕ್ ಇಂದಿನ ಇ-ಸಿಗರೇಟನ್ನು ರೂಪಿಸಿದ್ದೂ ಅದೇ ವರ್ಷ. ಬೆಂಕಿಯಿಲ್ಲ, ಬೂದಿಯಿಲ್ಲ; ಬ್ಯಾಟರಿಯ ಬಿಸಿಗೆ ಆವಿಯಾಗುವ ದ್ರವ. ಅವನ ಉದ್ದೇಶ ಸಿಗರೇಟು ಬಿಡಿಸುವುದಾಗಿತ್ತು.

ಕರ್ನಾಟಕ ಇದನ್ನು ನಿಷೇಧಿಸಿದ್ದು 2016ರ ಜೂನ್‌ನಲ್ಲಿ. ಕೇಂದ್ರ ಎಚ್ಚೆತ್ತದ್ದು ಮೂರು ವರ್ಷದ ಮೇಲೆ: 2019ರ ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆ, ಡಿಸೆಂಬರ್‌ನಲ್ಲಿ ಕಾಯ್ದೆ. ಮೊದಲ ಸಲ ಮಾರಿ ಸಿಕ್ಕಿಬಿದ್ದವನಿಗೆ ಒಂದು ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಸೇದುವುದನ್ನು ಮಾತ್ರ ಕಾಯ್ದೆ ಅಪರಾಧವೆನ್ನಲಿಲ್ಲ. ಅದು ಸರಿಯೇ ಎಂದು ನನಗನ್ನಿಸುತ್ತದೆ. ಹದಿನೆಂಟರ ಹುಡುಗನನ್ನು ಠಾಣೆಗೆ ಎಳೆದು ಯಾರಿಗೇನು ಲಾಭ?

ಆದರೆ ನಿಷೇಧದ ಜೊತೆ ಅಂಗಡಿಯೂ ಕಣ್ಮರೆಯಾಯಿತು. ಈಗ ವೇಪ್ ಬರುವುದು ಮೊಬೈಲ್ ಸಂದೇಶದಲ್ಲಿ, ಗೆಳೆಯನ ಜೇಬಿನಲ್ಲಿ. ಬೆಂಗಳೂರಿನ ಕಾಲೇಜಿಗೆ ಸೇರಿದ ಹಳ್ಳಿಯ ಹುಡುಗನಿಗೆ ಪಿ.ಜಿ. ಕೋಣೆಯಲ್ಲಿ ಮೊದಲ ದಮ್ಮು ಪುಕ್ಕಟೆ. ಬೇಡವೆಂದರೆ ಹಳ್ಳಿ ಗುಗ್ಗು ಎನ್ನಿಸಿಕೊಳ್ಳಬೇಕು. ಈ ಅಂಜಿಕೆಯೇ ಜಾಹೀರಾತಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಸೋಲೂರಿನಿಂದ ಬಸ್ಸಿನಲ್ಲಿ ಹೋಗುವಾಗ ಪಕ್ಕದಲ್ಲಿ ಕೂತ ಪದವಿ ವಿದ್ಯಾರ್ಥಿಯೊಬ್ಬ ಪೆನ್ ಡ್ರೈವ್‌ನಂಥದ್ದನ್ನು ತೋರಿಸಿ ಹೇಳಿದ: "ಅಣ್ಣಾ, ಇದು ಸಿಗರೇಟಲ್ಲ. ಮ್ಯಾಂಗೋ ಫ್ಲೇವರ್ ಅಷ್ಟೆ. ನಿಕೋಟಿನ್ ಇಲ್ವಂತೆ."

ಆ 'ಅಂತೆ'ಯ ಮೇಲೆಯೇ ಎಲ್ಲವೂ ನಿಂತಿದೆ. ಸಿಗರೇಟು ಪೊಟ್ಟಣದ ಮೇಲಾದರೂ ಎಚ್ಚರಿಕೆಯ ಚಿತ್ರವಿದೆ. ಕದ್ದು ಬಂದ ಈ ಕೊಳವೆಯಲ್ಲಿ ಏನಿದೆ, ಎಷ್ಟಿದೆ ಎಂದು ಹೊಣೆ ಹೊತ್ತು ಹೇಳುವವರಿಲ್ಲ. ನಿಕೋಟಿನ್‌ಗೆ ಅಂಟಿಕೊಂಡ ಮೇಲೆಯೇ ಅದು ಇತ್ತೆಂದು ಗೊತ್ತಾಗುವುದು.

2025ರಲ್ಲಿ ರಾಜ್ಯ ತಂಬಾಕು ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿತು. ಅಂಗಡಿಯವನು ಇನ್ನು ವಯಸ್ಸು ಕೇಳಬಹುದು. ಪಿ.ಜಿ.ಯಲ್ಲಿ ಪಕ್ಕದ ಮಂಚದವನು ಕೇಳುವುದಿಲ್ಲ. ಭಾನುವಾರ ಮನೆಗೆ ಬಂದ ಮಗನ ಅಂಗಿ ಒಗೆಯುವ ತಾಯಿಯ ಮೂಗಿಗೂ ಏನೂ ಹತ್ತುವುದಿಲ್ಲ.