ಹೆಪ್ಪುನೆಲವೂ ಅದರ ಕಂಬಗಳೂ

ಭೂಮಿಗೆ ‘ಅಚಲೆ’ಯೆಂಬ ಪರ್ಯಾಯನಾಮವನ್ನು ನಮ್ಮ ಕೋಶಕಾರರು ಕೊಟ್ಟಿರುವರು. ಸೈಬೀರಿಯದ ಯಾಕೂಟ್ಸ್ಕ್ ನಗರವನ್ನು ಕಂಡಿದ್ದರೆ ಅವರು ಕೊಂಚ ಅನುಮಾನಿಸುತ್ತಿದ್ದರೇನೋ! ಅಲ್ಲಿ ನೆಲವು ಸ್ಥಿರವಾಗಿರುವುದು ಹೆಪ್ಪುಗಟ್ಟಿರುವವರೆಗೆ ಮಾತ್ರ, ಕರಗಿತೆಂದರೆ ಕೆಸರು. ವರ್ಷವಿಡೀ ಕರಗದ ಇಂಥ ನೆಲವನ್ನು ಇಲ್ಲಿ ‘ಹೆಪ್ಪುನೆಲ’ವೆಂದಿದ್ದೇನೆ. ಇದಕ್ಕಿಂತ ಮೇಲಾದ ಮಾತನ್ನು ವಾಚಕರು ಸೂಚಿಸಿದರೆ ಸಂತೋಷ.

ಈ ಹೆಪ್ಪಿನ ಆಳವನ್ನು ಕಣ್ಣಿಗೆ ಕಟ್ಟಿಸಿದವನು ವಿಜ್ಞಾನಿಯಲ್ಲ, ವರ್ತಕ ಸಂಸ್ಥೆಯೊಂದರ ನೌಕರ. ಫ್ಯೋದರ್ ಶೆರ್ಗಿನ್ ಎಂಬಾತನು ನೀರಿಗಾಗಿ 1828ರಲ್ಲಿ ಯಾಕೂಟ್ಸ್ಕಿನಲ್ಲಿ ಬಾವಿ ತೋಡಿಸತೊಡಗಿದನು. 1837ರ ವೇಳೆಗೆ ಬಾವಿಯು ಸುಮಾರು 116 ಮೀಟರು ಇಳಿದಿತ್ತು. ನೀರು ಬರಲಿಲ್ಲ, ಹೆಪ್ಪೂ ಮುಗಿಯಲಿಲ್ಲ. ಮಿಡ್ಡೆಂಡಾರ್ಫ್ ಪಂಡಿತನು 1844ರಲ್ಲಿ ಅಲ್ಲಿಗೆ ಬಂದು ಆ ಒಣಬಾವಿಯಲ್ಲಿಯೇ ನೆಲದ ಉಷ್ಣತೆಯನ್ನು ಅಳೆದನು.

ಇಂಥಲ್ಲಿ ಮನೆಗೆ ಮುಳುವಾಗುವುದು ಹೊರಗಿನ ಚಳಿಯಲ್ಲ, ಒಳಗಿನ ಒಲೆ. ಅದರ ಕಾವು ಕೆಳಗಿಳಿದು ಅಡಿಪಾಯವನ್ನು ಸಡಿಲಿಸುವುದು. ನೊರೀಲ್ಸ್ಕಿನಲ್ಲಿ ಇದಕ್ಕೆ ಪರಿಹಾರವನ್ನು ರೂಪಿಸಿದವರಲ್ಲಿ ಪ್ರಮುಖನಾದ ಮಿಖಾಯಿಲ್ ಕಿಮ್, ಕೊರಿಯಾ ಮೂಲದ ಎಂಜಿನಿಯರನು, ಆ ಊರಿನ ಶಿಬಿರದಲ್ಲಿ ಕೈದಿಯಾಗಿದ್ದವನು. ಹೆಪ್ಪುನೆಲದಲ್ಲಿ ರಂಧ್ರ ಕೊರೆದು, ಕಾಂಕ್ರೀಟು ಕಂಬವನ್ನಿಳಿಸಿ, ಸುತ್ತ ತುಂಬಿದ ಕೆಸರು ಹೆಪ್ಪುಗಟ್ಟಿ ಕಂಬವನ್ನು ಬಿಗಿಹಿಡಿಯುವಂತೆ ಮಾಡುವುದು. ಕಟ್ಟಡವನ್ನು ನೆಲದಿಂದ ಮೇಲೆತ್ತಿ ಚಳಿಗಾಳಿಗೆ ಅಡಿಯಲ್ಲಿ ದಾರಿ ಬಿಡುವುದು. ಒಂದು ಕಾಲದ ಈ ಕೈದಿಗೆ 1966ರಲ್ಲಿ, ಸಹೋದ್ಯೋಗಿಗಳೊಡನೆ, ಲೆನಿನ್ ಪಾರಿತೋಷಕವು ಸಂದಿತು. ಅದೇ ರಾಜ್ಯ ಅವನನ್ನು ಸೆರೆಗೆ ತಳ್ಳಿತ್ತೆಂಬುದನ್ನು ಚರಿತ್ರಕಾರನು ಮರೆಯಲಾಗದು.

ಅಮೆರಿಕದ ಎರ್ವಿನ್ ಲಾಂಗ್ ಎಂಬುವನು ಕಂಬವನ್ನೇ ಶೀತಯಂತ್ರವಾಗಿಸಿ 1965ರಲ್ಲಿ ಸ್ವಾಮ್ಯಪತ್ರವನ್ನು ಪಡೆದನು. ಅಲಾಸ್ಕದ ತೈಲನಾಳದ ಆಧಾರಸ್ತಂಭಗಳಲ್ಲಿ ಇದೇ ತತ್ತ್ವವನ್ನು ಕಾಣಬಹುದು. ಮುಚ್ಚಿದ ಕೊಳವೆಯ ತಳದಲ್ಲಿರುವ ಅಮೋನಿಯ ದ್ರವವು ನೆಲದ ಕಾವನ್ನು ಹೀರಿ ಆವಿಯಾಗಿ ಮೇಲೇರುವುದು; ತುದಿಯ ಲೋಹದ ರೆಕ್ಕೆಗಳಲ್ಲಿ ಚಳಿಗೆ ಮತ್ತೆ ದ್ರವವಾಗಿ ಕೆಳಗಿಳಿಯುವುದು. ಪಂಪಿಲ್ಲ, ವಿದ್ಯುತ್ತಿಲ್ಲ. ಬೇಸಗೆಯಲ್ಲಿ ಮೇಲಿನ ಗಾಳಿಯು ನೆಲಕ್ಕಿಂತ ಬಿಸಿಯಾದೊಡನೆ ಈ ಸಂಚಾರವು ತಾನಾಗಿ ನಿಂತುಹೋಗುವುದರಿಂದ, ಹೊರಗಿನ ಸೆಕೆ ಆ ಹಾದಿಯಲ್ಲಿ ಕೆಳಗಿಳಿಯಲಾರದು. ಉಪಾಯದ ಜಾಣ್ಮೆಯೆಲ್ಲ ಇಲ್ಲಿಯೇ ಇದೆ. 1977ರಲ್ಲಿ ತೈಲವು ಹರಿಯತೊಡಗಿದಾಗ ಸುಮಾರು 1,288 ಕಿಲೊಮೀಟರು ಉದ್ದದ ಆ ನಾಳದ ಅರ್ಧಕ್ಕಿಂತ ಹೆಚ್ಚು ಭಾಗ ನೆಲದ ಮೇಲೆಯೇ, ಸುಮಾರು 78,000 ಸ್ತಂಭಗಳನ್ನು ಆಧರಿಸಿ ನಿಂತಿತ್ತು.

ಈ ಲೆಕ್ಕಾಚಾರವೆಲ್ಲ ಚಳಿಗಾಲವು ಚಳಿಗಾಲವಾಗಿಯೇ ಇರುವುದೆಂಬ ನೆಚ್ಚಿಕೆಯ ಮೇಲೆ ನಿಂತುದು. ನೊರೀಲ್ಸ್ಕಿನಲ್ಲಿ 2020ರ ಮೇ ತಿಂಗಳಲ್ಲಿ ತೈಲದ ತೊಟ್ಟಿಯೊಂದು ಕುಸಿದು 20,000 ಟನ್ನಿಗೂ ಹೆಚ್ಚು ಡೀಸೆಲ್ ಹರಿದುಹೋಯಿತು. ಕರಗಿದ ನೆಲವೇ ಕಾರಣವೆಂದು ಮೊದಲು ಹೇಳಲಾಯಿತು. ತನಿಖೆಯು ಕಂಬಗಳನ್ನು ನಿಲ್ಲಿಸಿದವರ ತಪ್ಪುಗಳನ್ನೂ ತೋರಿಸಿತು. 2021ರಲ್ಲಿ ಅಲಾಸ್ಕದ ಫೇರ್‌ಬ್ಯಾಂಕ್ಸಿನ ಉತ್ತರಕ್ಕೆ ಇಳಿಜಾರೊಂದು ಕರಗಿ ತೈಲನಾಳದ ಆಧಾರಗಳು ವಾಲಿದಾಗ, ನೆಲವನ್ನು ಮತ್ತೆ ತಣಿಸಲು ಅಲ್ಲಿ ಸುಮಾರು ನೂರು ಹೊಸ ಶೀತಕೊಳವೆಗಳನ್ನು ಹೂಳುವ ಏರ್ಪಾಡಾಯಿತು.