ಬೀಗ ಹಾಕಿದ ಆ ಕೋಣೆ ಎಲ್ಲಿಂದ ಬಂತು?

ನಾವು ಓದಿದ ಕಾಲೇಜಿನಲ್ಲಿ ಮೆಟ್ಟಿಲ ಕೆಳಗೆ ಒಂದು ಸಣ್ಣ ಕೋಣೆ ಇತ್ತು. ಬಾಗಿಲ ಮೇಲೆ ‘ಉದ್ಯೋಗ ಮಾಹಿತಿ ಮತ್ತು ಮಾರ್ಗದರ್ಶನ’ ಎಂಬ ಬೋರ್ಡು, ಬಾಗಿಲಿಗೆ ಬೀಗ. ಮೂರು ವರ್ಷದಲ್ಲಿ ಅದು ತೆರೆದಿದ್ದನ್ನು ನಾವು ನೋಡಿದ್ದು ಎರಡೇ ಸಲ. ಒಮ್ಮೆ ಹಳೇ ಉತ್ತರ ಪತ್ರಿಕೆಗಳ ಬಂಡಲ್ ಇಡುವಾಗ, ಇನ್ನೊಮ್ಮೆ ನ್ಯಾಕ್ ತಂಡ ಬರುವ ಹಿಂದಿನ ದಿನ ಸುಣ್ಣ ಹೊಡೆಯುವಾಗ. ಬೀಗ ಯಾಕೆ ಅಂತ ನಾವೂ ಕೇಳಲಿಲ್ಲ. ಕೇಳಬಹುದಾದ ವಿಷಯ ಅದು ಅನ್ನೋದೇ ಗೊತ್ತಿರಲಿಲ್ಲ.

ಈಗ ಊರಲ್ಲಿ ಡಿಗ್ರಿ ಮುಗಿಸಿದ ಹುಡುಗ ಹುಡುಗಿಯರು ನಮಗೆ ಫೋನ್ ಮಾಡಿ, “ಅಣ್ಣಾ, ಮುಂದೆ ಏನು ಮಾಡೋದು?” ಅಂತ ಕೇಳುತ್ತಾರೆ. ಉತ್ತರ ಹೇಳಲು ಹೊರಟಾಗಲೆಲ್ಲ ಆ ಕೋಣೆ ನೆನಪಾಗುತ್ತದೆ. ಅದನ್ನು ಯಾರು, ಯಾಕೆ ಕಟ್ಟಿಸಿದರು ಎಂದು ಹುಡುಕುತ್ತಾ ಹೋದೆವು. ದಾರಿ ಬಹಳ ದೂರಕ್ಕೆ ಹೋಯಿತು.

ಮೊದಲು ಇಂಗ್ಲೆಂಡಿಗೆ. ಅಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್‌ನಲ್ಲಿ ಓದಿದವರಿಗೆ ಕೆಲಸ ಸಿಗುತ್ತಿದ್ದದ್ದು ಬಹುಮಟ್ಟಿಗೆ ಪರಿಚಯದ ಮೇಲೆ. ಮೇಷ್ಟ್ರು ತಮ್ಮ ಗೆಳೆಯರಿಗೆ ಕಾಗದ ಬರೆಯುತ್ತಿದ್ದರು, ಅಪ್ಪ ತನ್ನ ಬಳಗಕ್ಕೆ ಹೇಳುತ್ತಿದ್ದ. ನಮ್ಮ ಮಾತಲ್ಲಿ ವಶೀಲಿ. ಪರಿಚಯ ಇಲ್ಲದ ಮನೆಯ ಹುಡುಗರೂ ಓದಲು ಬರತೊಡಗಿದಾಗ ಇದು ಸಾಲದಾಯಿತು. 1892ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಇದಕ್ಕೆಂದೇ ಒಂದು ಸಮಿತಿ ಆಯಿತು. ಹತ್ತು ವರ್ಷದಲ್ಲಿ ಕೇಂಬ್ರಿಜ್ ಕೂಡ ಅದೇ ದಾರಿ ಹಿಡಿಯಿತು. ಕೆಲಸ ಖಾಲಿ ಇರುವವರು ಅಲ್ಲಿಗೆ ತಿಳಿಸಬೇಕು, ಕೆಲಸ ಬೇಕಾದವರು ಅಲ್ಲಿ ಹೆಸರು ಬರೆಸಬೇಕು. ಅಷ್ಟೇ ಕೆಲಸ. ಆದರೂ ಆ ಕಾಗದ ಬರೆಯುವ ಕೈ ಒಬ್ಬ ಮೇಷ್ಟ್ರದ್ದಲ್ಲ, ಒಂದು ಕಚೇರಿಯದ್ದು ಎಂಬುದು ಸಣ್ಣ ಬದಲಾವಣೆಯಲ್ಲ.

ಇನ್ನೊಂದು ಬೇರು ಅಮೆರಿಕದಲ್ಲಿದೆ. ನಮಗೆ ಹೆಚ್ಚು ಇಷ್ಟವಾದದ್ದು ಇದೇ. ಫ್ರಾಂಕ್ ಪಾರ್ಸನ್ಸ್ ಅಂತ ಒಬ್ಬರಿದ್ದರು. ಓದಿದ್ದು ಎಂಜಿನಿಯರಿಂಗ್. ರೈಲ್ವೆ ಕೆಲಸ ಮಾಡಿದರು, ವಕೀಲಿ ಪರೀಕ್ಷೆ ಪಾಸಾದರು, ಮೇಷ್ಟ್ರಾದರು, ಬಾಸ್ಟನ್ ನಗರದ ಮೇಯರ್ ಚುನಾವಣೆಗೂ ನಿಂತರು, ಸೋತರು. ತಾನೇ ಇಷ್ಟು ದಾರಿ ಬದಲಿಸಿದ ಮನುಷ್ಯನಿಗೆ ಬೇರೆಯವರ ದಾರಿಯ ಚಿಂತೆ ಹತ್ತಿತು. 1908ರ ಜನವರಿಯಲ್ಲಿ ಬಾಸ್ಟನ್‌ನಲ್ಲಿ, ವಲಸೆ ಬಂದ ಬಡವರೇ ಹೆಚ್ಚಿದ್ದ ಬಡಾವಣೆಯಲ್ಲಿ, ಒಂದು ವೃತ್ತಿ ಸಲಹಾ ಕೇಂದ್ರ ತೆರೆದರು. ಅದು ವಿಶ್ವವಿದ್ಯಾಲಯದ ಕಚೇರಿ ಆಗಿರಲಿಲ್ಲ, ಯಾರು ಬೇಕಾದರೂ ಬರಬಹುದಿತ್ತು.

ಪಾರ್ಸನ್ಸ್ ಮಾಡುತ್ತಿದ್ದದ್ದು ಬಂದವರನ್ನು ಕೂರಿಸಿಕೊಂಡು ಮಾತಾಡುವುದು. ನೂರಾರು ಪ್ರಶ್ನೆಗಳ ಪಟ್ಟಿಯೇ ಅವರ ಹತ್ತಿರ ಇತ್ತು. ನಿನ್ನ ಆರೋಗ್ಯ ಹೇಗಿದೆ, ಬಿಡುವಿನಲ್ಲಿ ಏನು ಮಾಡುತ್ತೀ, ಏನು ಓದುತ್ತೀ, ಮನೆಯವರು ಏನು ಕೆಲಸ ಮಾಡುತ್ತಾರೆ, ಎಷ್ಟು ಹಣ ಕೂಡಿಸಿದ್ದೀ. ಆಮೇಲೆ ಆ ಊರಿನಲ್ಲಿ ಯಾವ್ಯಾವ ಕಸುಬು ಇವೆ, ಕೂಲಿ ಎಷ್ಟು, ಕಲಿಯಲು ಎಷ್ಟು ದಿನ ಬೇಕು ಎಂದು ತಿಳಿಸುವುದು. ಎರಡನ್ನೂ ಪಕ್ಕಪಕ್ಕ ಇಟ್ಟು ತೂಗಿ ನೋಡುವುದು ಮೂರನೇ ಹೆಜ್ಜೆ. ತೀರ್ಮಾನ ಮಾತ್ರ ಬಂದವರದ್ದೇ. ಆದರೆ ಅದೇ ವರ್ಷ ಸೆಪ್ಟೆಂಬರಿನಲ್ಲಿ ಪಾರ್ಸನ್ಸ್ ತೀರಿಕೊಂಡರು. ಕೇಂದ್ರ ತೆರೆದು ಒಂಬತ್ತು ತಿಂಗಳೂ ತುಂಬಿರಲಿಲ್ಲ. ಅವರ ಪುಸ್ತಕ ಅಚ್ಚಾಗಿದ್ದು ಮರುವರ್ಷ. ಇಂದು ಜಗತ್ತಿನ ಎಷ್ಟೋ ಕಾಲೇಜುಗಳಲ್ಲಿ ನಡೆಯುವ ವೃತ್ತಿ ಸಲಹೆಗೆ ಆ ಮೂರು ಹೆಜ್ಜೆಯೇ ತಳಪಾಯ.

ಹಾಗಾದರೆ ಎರಡು ಬೇರು. ಒಂದು, ಕೆಲಸ ಎಲ್ಲಿದೆ ಎಂದು ಹೇಳುವ ಕಚೇರಿ. ಇನ್ನೊಂದು, ನೀನು ಯಾರು ಎಂದು ಕೇಳುವ ಕಚೇರಿ. ನಮ್ಮಲ್ಲಿಗೆ ಎರಡೂ ಬಂದವು. ಎರಡನೆಯದು ಯಾಕೋ ದಾರಿಯಲ್ಲೇ ಸೊರಗಿತು.

ಮೈಸೂರು ವಿಶ್ವವಿದ್ಯಾನಿಲಯ ಶುರುವಾದದ್ದು 1916ರಲ್ಲಿ. ಆ ಕಾಲಕ್ಕೆ ಡಿಗ್ರಿ ಅಂದರೆ ಸಂಸ್ಥಾನದ ಸರ್ಕಾರಿ ನೌಕರಿ ಎಂದೇ ಲೆಕ್ಕ. ಆ ನೌಕರಿ ಒಂದೇ ಜಾತಿಯವರಿಗೆ ಯಾಕೆ ಹೋಗಬೇಕು ಎಂಬ ಪ್ರಶ್ನೆ ಎದ್ದು, 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿ ಬಂತು, ಅದರ ಹಿಂದೆಯೇ ಹಿಂದುಳಿದ ವರ್ಗಗಳಿಗೆ ಮೀಸಲಾತಿ. ಆ ಕಥೆ ಇನ್ನೊಂದು ದಿನ ಬರೆಯುವಷ್ಟು ದೊಡ್ಡದು. ಇಲ್ಲಿ ಒಂದು ಮಾತು ಸಾಕು: ಓದಿದರೂ ಬಾಗಿಲು ತೆರೆಯದವರು ಇದ್ದಾರೆ ಎಂಬುದು ಈ ನಾಡಿಗೆ ಶತಮಾನದ ಹಿಂದೆಯೇ ಗೊತ್ತಿತ್ತು.

1930ರ ದಶಕದಲ್ಲಿ ಉತ್ತರದಲ್ಲೂ ಕೂಗು ಎದ್ದಿತು. ಓದಿದವರ ನಿರುದ್ಯೋಗದ ಬಗ್ಗೆ ವಿಚಾರಿಸಲು ಸಂಯುಕ್ತ ಪ್ರಾಂತ್ಯದಲ್ಲಿ, ಅಂದರೆ ಇವತ್ತಿನ ಉತ್ತರ ಪ್ರದೇಶದ ಕಡೆ, ತೇಜ್ ಬಹದ್ದೂರ್ ಸಪ್ರು ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. ಅದೇ ದಶಕದ ಕೊನೆಗೆ ಕಲ್ಕತ್ತಾ ವಿಶ್ವವಿದ್ಯಾಲಯ ತನ್ನ ಪದವೀಧರರಿಗೆ ನೌಕರಿಯ ಮಾಹಿತಿ ಕೊಡಲು ಒಂದು ಮಂಡಳಿಯನ್ನೇ ಮಾಡಿಕೊಂಡಿತು.

ಸರ್ಕಾರದ ಉದ್ಯೋಗ ವಿನಿಮಯ ಕಚೇರಿಗಳು ಹುಟ್ಟಿದ್ದು 1945ರಲ್ಲಿ, ಅದೂ ವಿದ್ಯಾರ್ಥಿಗಳಿಗಾಗಿ ಅಲ್ಲ. ಎರಡನೇ ಮಹಾಯುದ್ಧ ಮುಗಿದು ಸೈನಿಕರು ಮನೆಗೆ ಬರುತ್ತಿದ್ದರು, ಅವರಿಗೆ ಕೆಲಸ ಹುಡುಕಬೇಕಿತ್ತು. 1947ರಲ್ಲಿ ದೇಶ ಒಡೆದಾಗ ನಿರಾಶ್ರಿತರು ಆ ಸಾಲಿಗೆ ಸೇರಿದರು. 1948ರಲ್ಲಿ ಎಲ್ಲರಿಗೂ ಬಾಗಿಲು ತೆರೆಯಿತು.

ಇಲ್ಲಿಗೆ ನಮ್ಮ ಕಡೆಯವರೊಬ್ಬರು ಬರುತ್ತಾರೆ. ಅದರಲ್ಲೂ ಪತ್ರಕರ್ತರು, ಹಾಗಾಗಿ ನಮಗೆ ಸ್ವಲ್ಪ ಅಭಿಮಾನ. ಬೆನಗಲ್ ಶಿವರಾವ್, ಮಂಗಳೂರಿನವರು. ‘ದಿ ಹಿಂದೂ’ ಪತ್ರಿಕೆಗೂ ಇಂಗ್ಲೆಂಡಿನ ‘ಮ್ಯಾಂಚೆಸ್ಟರ್ ಗಾರ್ಡಿಯನ್’ಗೂ ದೆಹಲಿಯಿಂದ ವರದಿ ಮಾಡಿದವರು, ಮದ್ರಾಸಿನಲ್ಲಿ ಕಾರ್ಮಿಕ ಸಂಘ ಕಟ್ಟಿದವರು. ಸಂವಿಧಾನ ರಚನಾ ಸಭೆಯಲ್ಲಿದ್ದರು, ಮೊದಲ ಲೋಕಸಭೆಗೆ ದಕ್ಷಿಣ ಕನ್ನಡದಿಂದ ಗೆದ್ದರು. ಈ ಉದ್ಯೋಗ ಕಚೇರಿಗಳು ಇರಬೇಕೋ ಬೇಡವೋ ಎಂದು ನೋಡಲು 1952ರಲ್ಲಿ ಮಾಡಿದ ಸಮಿತಿಗೆ ಅವರೇ ಅಧ್ಯಕ್ಷರು. ಇರಬೇಕು, ಕಾಯಂ ಆಗಿ ಇರಬೇಕು, ದಿನನಿತ್ಯದ ಆಡಳಿತ ರಾಜ್ಯಗಳ ಕೈಗೆ ಹೋಗಬೇಕು ಎಂದು 1954ರಲ್ಲಿ ವರದಿ ಕೊಟ್ಟರು. ಬರೀ ಹೆಸರು ಬರೆದುಕೊಳ್ಳುವುದಲ್ಲ, ಹುಡುಗರಿಗೆ ವೃತ್ತಿ ಮಾರ್ಗದರ್ಶನವೂ ಕೊಡಬೇಕು ಎಂಬ ಮಾತು ಅದರಲ್ಲಿತ್ತು. ಕಚೇರಿಗಳು ರಾಜ್ಯಗಳ ಕೈಗೆ ಬಂದ ದಿನ 1956ರ ನವೆಂಬರ್ 1. ಹೌದು, ನಾವು ರಾಜ್ಯೋತ್ಸವ ಆಚರಿಸುವ ಅದೇ ದಿನ!

ಆ ನಂತರದ ವರ್ಷಗಳಲ್ಲಿ ವಿಶ್ವವಿದ್ಯಾಲಯಗಳ ಒಳಗೇ ‘ಉದ್ಯೋಗ ಮಾಹಿತಿ ಮತ್ತು ಮಾರ್ಗದರ್ಶನ ಕೇಂದ್ರ’ಗಳು ಶುರುವಾದವು. ವ್ಯವಸ್ಥೆ ಜಾಣತನದ್ದು. ಜಾಗ ವಿಶ್ವವಿದ್ಯಾಲಯದ್ದು, ಮುಖ್ಯಸ್ಥರು ಅಲ್ಲಿನ ಒಬ್ಬ ಪ್ರಾಧ್ಯಾಪಕರು, ದಿನಾ ಕೂರುವ ಅಧಿಕಾರಿ ಉದ್ಯೋಗ ಇಲಾಖೆಯವರು. ಹುಡುಗರನ್ನು ಬಲ್ಲವರೂ ನೌಕರಿಯನ್ನು ಬಲ್ಲವರೂ ಒಂದೇ ಕೋಣೆಯಲ್ಲಿ. ಮೈಸೂರಿನ ಮಾನಸಗಂಗೋತ್ರಿ, ಮಂಗಳೂರು ವಿಶ್ವವಿದ್ಯಾನಿಲಯದಂಥ ಕಡೆ ಈ ಹೆಸರಿನ ಕೇಂದ್ರಗಳು ಬಂದದ್ದು ಹೀಗೆ. ನಮ್ಮ ಕಾಲೇಜಿನ ಬೋರ್ಡು ಅದೇ ಹೆಸರನ್ನು ಎರವಲು ಪಡೆದಿತ್ತು.

ಮತ್ತೆ ಬೀಗ ಬಿದ್ದದ್ದು ಹೇಗೆ?

ನಮ್ಮ ಅಂದಾಜು ಇದು. 1959ರಲ್ಲಿ ಒಂದು ಕಾಯ್ದೆ ಬಂತು. ಸರ್ಕಾರಿ ಕಚೇರಿಗಳು ಮತ್ತು 25 ಅಥವಾ ಹೆಚ್ಚು ಜನ ಇರುವ ಖಾಸಗಿ ಸಂಸ್ಥೆಗಳು ಖಾಲಿ ಹುದ್ದೆಯನ್ನು ಉದ್ಯೋಗ ವಿನಿಮಯಕ್ಕೆ ತಿಳಿಸಲೇಬೇಕು ಎಂದಿತು. ತಿಳಿಸಬೇಕು ಅಷ್ಟೇ, ಅಲ್ಲಿಂದಲೇ ತೆಗೆದುಕೊಳ್ಳಬೇಕು ಎಂದಿರಲಿಲ್ಲ. ಆದರೂ ಜನ ಆ ನೋಂದಣಿ ಕಾರ್ಡನ್ನು ನಂಬಿದರು. ನಮ್ಮ ಅಪ್ಪಂದಿರ ಟ್ರಂಕಿನಲ್ಲಿ ಇವತ್ತಿಗೂ ಆ ಕಾರ್ಡ್ ಇದೆ. ಮೂರು ವರ್ಷಕ್ಕೊಮ್ಮೆ ಬಸ್ ಹತ್ತಿ, ಜಿಲ್ಲಾ ಕೇಂದ್ರಕ್ಕೆ ಹೋಗಿ, ಸಾಲಲ್ಲಿ ನಿಂತು ನವೀಕರಿಸಿ ಬರುತ್ತಿದ್ದರು. ಕೆಲಸದ ಕಾಗದ ಬರುತ್ತದೆ ಎಂದು ಪೋಸ್ಟ್‌ಮ್ಯಾನ್ ದಾರಿ ಕಾಯುತ್ತಿದ್ದರು. ಸಾಲು ಬೆಳೆದಂತೆ ಕಚೇರಿಯವರಿಗೆ ಕಾರ್ಡ್ ಬರೆಯುವುದೇ ಕೆಲಸವಾಯಿತು. ಪಾರ್ಸನ್ಸ್ ಥರ ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಲು ಪುರುಸೊತ್ತೆಲ್ಲಿ? 1996ರಲ್ಲಿ ಸುಪ್ರೀಂ ಕೋರ್ಟ್, ವಿನಿಮಯದ ಪಟ್ಟಿಯೊಂದನ್ನೇ ನೆಚ್ಚಬಾರದು, ಪತ್ರಿಕೆಗಳಲ್ಲೂ ಪ್ರಕಟಿಸಿ ಎಲ್ಲರ ಅರ್ಜಿ ಪರಿಗಣಿಸಬೇಕು ಎಂದಿತು. ನ್ಯಾಯವಾದ ಮಾತೇ. ಆದರೆ ಟ್ರಂಕಿನ ಕಾರ್ಡಿನ ಬೆಲೆ ಇಳಿಯಿತು.

ಅಷ್ಟರಲ್ಲಿ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ‘ಪ್ಲೇಸ್‌ಮೆಂಟ್ ಸೆಲ್’ ಬಂತು. ಐಟಿ ಕಂಪನಿಗಳೇ ಕ್ಯಾಂಪಸ್ಸಿಗೆ ಬಂದು ಹುಡುಗರನ್ನು ಆರಿಸಿಕೊಂಡು ಹೋದವು. 1994ರಲ್ಲಿ ಬೆಂಗಳೂರಿನಲ್ಲಿ ನೆಲೆಯಾದ ನ್ಯಾಕ್, ಕಾಲೇಜಿಗೆ ದರ್ಜೆ ಕೊಡುವಾಗ ಹುಡುಗರಿಗೆ ಏನು ಬೆಂಬಲ ಕೊಟ್ಟಿರಿ, ಅವರು ಮುಂದೆ ಏನಾದರು ಎಂದೂ ಕೇಳುತ್ತದೆ. ಹಾಗಾಗಿ ಎಲ್ಲ ಕಾಲೇಜಿನಲ್ಲೂ ಬೋರ್ಡು ಎದ್ದಿತು. ಆದರೆ ಹೋಬಳಿ ಊರಿನ ಬಿಎ ತರಗತಿಗೆ ಯಾವ ಕಂಪನಿ ಬರುತ್ತದೆ? ಕಂಪನಿ ಬರಲಿಲ್ಲ, ಆದ್ದರಿಂದ ಕೋಣೆಗೆ ಕೆಲಸವಿಲ್ಲ ಎಂದು ಎಲ್ಲರೂ ಒಪ್ಪಿಬಿಟ್ಟರು. ನಮಗೆ ಸಿಟ್ಟು ಬರುವುದು ಇಲ್ಲೇ. ಕಂಪನಿ ಕರೆಸುವುದು ಆ ಕೋಣೆಯ ಅರ್ಧ ಕೆಲಸ ಮಾತ್ರ. ಕಂಪನಿ ಬಾರದ ಕಡೆಯೇ ಉಳಿದರ್ಧಕ್ಕೆ ಹೆಚ್ಚು ಬೆಲೆ.

2015ರಲ್ಲಿ ಕೇಂದ್ರ ಸರ್ಕಾರ ‘ರಾಷ್ಟ್ರೀಯ ವೃತ್ತಿ ಸೇವೆ’ ಎಂಬ ಜಾಲತಾಣ ತೆರೆಯಿತು. ಮೊಬೈಲಿನಲ್ಲೇ ನೋಂದಣಿ, ಬಸ್ ಚಾರ್ಜು ಉಳಿಯಿತು. ನಮ್ಮ ರಾಜ್ಯದ ಯುವನಿಧಿಯೂ ಬಂತು, 2024ರ ಜನವರಿಯಿಂದ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ. ಒಳ್ಳೆಯದೇ, ಊರಲ್ಲಿ ಎಷ್ಟೋ ಜನರ ಅರ್ಜಿ ಶುಲ್ಕಕ್ಕೆ ಆ ದುಡ್ಡೇ ಆಗಿದೆ. ಆದರೆ ಜಾಲತಾಣ ಕೇಳುವುದು ನಿನ್ನ ವಿದ್ಯಾರ್ಹತೆ ಏನು ಎಂದು. ನೀನು ಬಿಡುವಿನಲ್ಲಿ ಏನು ಮಾಡುತ್ತೀ ಎಂದು ಕೇಳುವುದಿಲ್ಲ.

ಈ ಬರಹಕ್ಕಾಗಿ ಓಡಾಡುವಾಗ ನಮ್ಮಲ್ಲೊಬ್ಬರು ಒಂದು ವಿಶ್ವವಿದ್ಯಾಲಯದ ಕೇಂದ್ರದ ಬಾಗಿಲು ತಟ್ಟಿದರು. ತೆರೆದಿತ್ತು. ಮೇಜಿನ ಹಿಂದೆ ಒಬ್ಬರು, ಎದುರಿಗೆ ಎರಡು ಖಾಲಿ ಕುರ್ಚಿ. ಬಿಎ ಮುಗಿಸಿದ ತಂಗಿಯ ವಿಷಯ ಹೇಳಿದಾಗ ಆ ಅಧಿಕಾರಿ ಮುಕ್ಕಾಲು ಗಂಟೆ ಮಾತಾಡಿದರಂತೆ. ತಂಗಿಗೆ ಲೆಕ್ಕ ಬರುತ್ತದಾ, ಊರು ಬಿಟ್ಟು ಹೋಗಲು ಮನೆಯಲ್ಲಿ ಬಿಡುತ್ತಾರಾ, ಟೈಪಿಂಗ್ ಕಲಿತಿದ್ದಾಳಾ, ಯಾವ ಪರೀಕ್ಷೆಗೆ ವಯಸ್ಸು ಎಷ್ಟು ಉಳಿದಿದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಂಡು, ಕೊನೆಗೆ, “ಮುಂದಿನ ಸಲ ಅವಳನ್ನೇ ಕರ್ಕೊಂಡು ಬನ್ನಿ, ಅಂಕಪಟ್ಟಿ ತನ್ನಿ, ದುಡ್ಡೇನೂ ಬೇಡ” ಅಂದರಂತೆ.

ತಂಗಿ ಬರುವ ಸೋಮವಾರ ಹೋಗುತ್ತಾಳೆ.